ಜಪಾನ್ ಮಡಿಲು

ಸುಲೋಚನಮ್ಮನ ಬಗ್ಗೆ ನಾನು ಒಳ್ಳೆಯ ಮಾತಾಡುತ್ತೇನೆ ಎಂದು ಯಾರಾದರೂ ನಂಬಿದ್ದರೆ, ಅವರು ನಮ್ಮಿಬ್ಬರನ್ನು ಒಂದೇ ಮದುವೆಯಲ್ಲಿ ನೋಡಿಲ್ಲ ಎಂದರ್ಥ. ನಾನು ಷಡಕ್ಷರಿ, ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟವನು. ಆಕೆ ಅದೇ ಸಾಲಿನಲ್ಲಿ, ಗಂಡ ಈರಣ್ಣನ ಟೈಲರ್ ಅಂಗಡಿಯ ಹಿಂಭಾಗದಲ್ಲಿ ಮದುಮಗಳಿಗೆ ಸೀರೆ ಉಡಿಸುವ, ಜಡೆ ಹಾಕುವ, ಮುಖಕ್ಕೆ ಬಣ್ಣ ಬಳಿಯುವ ಹೆಂಗಸು. ಎಷ್ಟೋ ವರ್ಷದಿಂದ ಕಡೂರು, ಬೀರೂರು, ತರೀಕೆರೆ ಎಂದು ಎಲ್ಲ ಛತ್ರಗಳಲ್ಲೂ ಆಕೆ ಬಾಗಿಲು ಹಾಕಿಕೊಂಡು ಹೆಣ್ಣನ್ನು ಸಿಂಗರಿಸುತ್ತಾಳೆ, ನಾನು ಹೊರಗೆ ಕ್ಯಾಮೆರಾ ಹಿಡಿದು ಕಾಯುತ್ತೇನೆ. ಮುಹೂರ್ತ ಮೀರುತ್ತಿದೆ ಎಂದು ಬಾಗಿಲು ಬಡಿದರೆ ಒಳಗಿಂದ ಬರುವ ಉತ್ತರ ಒಂದೇ.

"ಲೇ ಷಡಕ್ಷರಿ, ನೀನು ಫೋಟೋ ಹೊಡ್ಯೋದು ಒಂದ್ ಗಳಿಗೆ. ಅದನ್ನ ನೋಡ್ಕಂಡು ಹೆಂಗಸ್ರು ಆಡ್ಕಣೋದು ಸಾಯೋಗಂಟ. ಸುಮ್ನೆ ನಿಂತ್ಕ."

ಈ ಮಾತನ್ನೂ ಹಲ್ಲಲ್ಲಿ ಪಿನ್ನು ಕಚ್ಚಿಕೊಂಡೇ ಹೇಳುವುದು. ಇಷ್ಟು ವರ್ಷದಲ್ಲಿ ಒಂದು ಪಿನ್ನಾದರೂ ನುಂಗಿಲ್ಲವಲ್ಲ ಎಂದು ನನಗೆ ಒಳಗೊಳಗೇ ಬೇಜಾರು. ಮದುಮಗಳನ್ನು ಚೆಂದ ಇದ್ದೀಯ ಎಂದು ಒಂದು ದಿನ ಹೊಗಳಿದವಳಲ್ಲ. "ಮೂಗು ಹಿಂಗೈತೆ, ಏನ್ ಮಾಡಕ್ಕಾಗುತ್ತೆ, ನತ್ತು ದೊಡ್ಡದು ಹಾಕನ" ಎನ್ನುತ್ತಾಳೆ ಎದುರಿಗೇ. ಹುಡುಗಿ ಅಳುವ ಹಾಗೆ ಮುಖ ಮಾಡಿದರೆ, "ಅಳೋದಿದ್ರೆ ಈಗ್ಲೇ ಅತ್ಬಿಡು, ಪೌಡ್ರು ಹಚ್ಚಿದ್ಮೇಲೆ ಅತ್ರೆ ಕಪಾಳಕ್ಕೆ ಬಿಡ್ತೀನಿ" ಎನ್ನುತ್ತಾಳೆ. ಆದರೂ ಆಕೆಯ ಕೈಯಿಂದ ಹೊರಬಂದ ಹೆಣ್ಣುಗಳು ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಊರಿನವರು ಅದನ್ನು ನನ್ನ ಕ್ಯಾಮೆರಾದ ಗುಣ ಎಂದುಕೊಂಡಿದ್ದಾರೆ, ನಾನೂ ಅಲ್ಲ ಎನ್ನಲು ಹೋಗಿಲ್ಲ.

ಇಂಥ ಗಟ್ಟಿ ಹೆಂಗಸಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಮದುವೆ ಮುಗಿದು ಹೆಣ್ಣನ್ನು ಕಳಿಸುವ ಹೊತ್ತಿಗೆ ತವರಿನವರು ಮಡಿಲು ತುಂಬುತ್ತಾರಲ್ಲ, ಆಗ ಆಕೆ ಛತ್ರದೊಳಗೆ ಇರುತ್ತಿರಲಿಲ್ಲ. ಮಗಳು ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಜೋಳಿಗೆ ಮಾಡಿ ಹಿಡಿಯಬೇಕು. ತಾಯಿ, ಅತ್ತಿಗೆ, ಚಿಕ್ಕಮ್ಮ ಎಲ್ಲ ಸೇರಿ ಅದರೊಳಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಬಳೆ, ರವಿಕೆ ಕಣ ಹಾಕಬೇಕು. ಮಡಿಲಕ್ಕಿ ಬಂತು ಎಂದರೆ ಆ ಹೆಣ್ಣಿಗೆ ತವರು ಇದೆ ಎಂದು ಲೆಕ್ಕ. ಸರಿಯಾಗಿ ಆ ಹೊತ್ತಿಗೆ ಸುಲೋಚನಮ್ಮ "ಟೀ ಕುಡ್ದು ಬತ್ತೀನಿ ಕಣ್ರಪ್ಪ" ಎಂದು ಹೊರಟುಬಿಡುವಳು. ಛತ್ರದಲ್ಲಿ ಡ್ರಮ್ಮುಗಟ್ಟಲೆ ಟೀ ಇದ್ದರೂ ರಸ್ತೆ ದಾಟಿ ಗೂಡಂಗಡಿಗೆ ಹೋಗುವಳು.

ಕಾರಣ ನಮಗೆಲ್ಲ ಗೊತ್ತಿದ್ದದ್ದೇ. ಆಕೆಯ ತವರು ಕಡೂರಿನ ಪಕ್ಕದ ಹಳ್ಳಿ, ತೆಂಗಿನ ತೋಟದ ಮನೆತನ. ಅಕ್ಕನ ಮದುವೆಗೆ ಬಟ್ಟೆ ಹೊಲಿಯಲು ಈರಣ್ಣ ಮಿಷನ್ನು ಹೊತ್ತುಕೊಂಡು ಬಂದು ಆ ಮನೆಯ ಜಗುಲಿಯ ಮೇಲೆ ಕೂತ. ಅಳತೆ ತೆಗೆದದ್ದು ಮನೆಮಂದಿಯದೆಲ್ಲ, ಹಿಂದೆ ಬಂದದ್ದು ಮಾತ್ರ ಸುಲೋಚನಮ್ಮ. ಜಾತಿ ಬೇರೆ, ಆಸ್ತಿ ಎಂದರೆ ಒಂದು ಮಿಷನ್ನು. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ನಮಸ್ಕಾರ ಮಾಡಲು ಹೋದರೆ ತಾಯಿ ಪಾಪ ಮೊರದಲ್ಲಿ ಅಕ್ಕಿ ಹಿಡಿದು ಬಾಗಿಲಿಗೆ ಬಂದಿದ್ದಳಂತೆ. ಅಣ್ಣ ಸೋಮಶೇಖರಪ್ಪ ಮೊರ ಕಿತ್ತುಕೊಂಡು, "ಈ ಮನೆಯಿಂದ ನಿನ್ ಮಡಿಲಿಗೆ ಒಂದ್ ಕಾಳು ಬೀಳಲ್ಲ, ನಡಿ" ಎಂದನಂತೆ. ತಾಯಿ ಹೋದಳು, ಅಕ್ಕ ಹೋದಳು, ಸುಲೋಚನಮ್ಮನ ತಲೆ ನೆರೆಯಿತು, ಮೂವತ್ತು ವರ್ಷವಾದರೂ ಅಣ್ಣ ಒಂದು ಮಾತಾಡಲಿಲ್ಲ.

ಆಕೆಗೆ ಬೇಕಿದ್ದದ್ದು ಅಷ್ಟೇ, ತವರಿನ ಒಂದು ಬೊಗಸೆ ಅಕ್ಕಿ. ಆಸ್ತಿಯಲ್ಲ, ಪಾಲಲ್ಲ. ಊರಿನ ಅಷ್ಟೂ ಹೆಣ್ಣುಗಳನ್ನು ಸಿಂಗರಿಸಿ ಮಡಿಲಕ್ಕಿಗೆ ನಿಲ್ಲಿಸುವವಳಿಗೆ ತನ್ನದೊಂದು ಮಡಿಲು ತುಂಬಲಿಲ್ಲ ಎಂಬುದು ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು. ಅದನ್ನು ಎದುರಿಗೆ ಹೇಳಿ ನೋಡಿ, ಕತ್ತರಿ ಎಸೆಯುತ್ತಿದ್ದಳು. ನಾನು ಒಂದು ಸಲ ಹೇಳಿ ನೋಡಿದ್ದೇನೆ.

ಇನ್ನು ಆ ಕ್ಯಾಲೆಂಡರಿನ ಕಥೆ. ನಮ್ಮೂರಿನವರೊಬ್ಬರು ಜಪಾನ್ ಮಾದರಿಯ ಟಿಲ್ಲರ್ ಕೊಂಡಾಗ ಡೀಲರು ಪುಕ್ಕಟೆ ಕೊಟ್ಟದ್ದು. ಅವರ ಮನೆಯಾಕೆ ಪುಟ ತಿರುವಿ ನೋಡಿ, ಒಂದು ಪುಟದಲ್ಲೂ ದೇವರಿಲ್ಲ, ಮನೆಯಲ್ಲಿ ತೂಗಿಹಾಕುವುದು ಬೇಡ ಎಂದಳಂತೆ. ಹಾಗಾಗಿ ಅದು ಈರಣ್ಣನ ಅಂಗಡಿಗೆ ಬಂತು. ದೇವರಿಲ್ಲದ ಕ್ಯಾಲೆಂಡರಿಗೆ ನಮ್ಮಲ್ಲಿ ಇರುವ ಜಾಗ ಎರಡೇ, ಟೈಲರ್ ಅಂಗಡಿ ಮತ್ತು ಕಟಿಂಗ್ ಶಾಪು.

ಮೊದಲ ಸಲ ನೋಡಿದಾಗ ನನಗೆ ಸಿಟ್ಟೇ ಬಂತು. ತಿಂಗಳಿಗೊಬ್ಬ ಹೆಂಗಸು, ಎಲ್ಲರಿಗೂ ಒಂದೇ ಮುಖ. ಗೆರೆ ಎಳೆದಂಥ ಕಣ್ಣು, ಉದ್ದ ಮೂಗು, ಅಕ್ಕಿಕಾಳಿನಷ್ಟು ಬಾಯಿ. ಎಲ್ಲೂ ನೆರಳಿಲ್ಲ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಿಲ್ಲ. ನಾನು ಇಂಥ ಫೋಟೋ ತೆಗೆದುಕೊಟ್ಟಿದ್ದರೆ ಆಲ್ಬಂ ಮುಖಕ್ಕೆ ಎಸೆದು ಹೋಗುತ್ತಿದ್ದರು. ಆದರೆ ಬಟ್ಟೆ! ಅಬ್ಬಬ್ಬಾ! ಒಬ್ಬಳ ಅಂಚಿನಲ್ಲಿ ನೀಲಿ ಅಲೆ, ಅಲೆಯೊಳಗೆ ಮೇಲಕ್ಕೆ ಹಾರುವ ಮೀನು. ಇನ್ನೊಬ್ಬಳ ಬೆನ್ನ ತುಂಬ ಹಿಮ ಹೊತ್ತ ಮರ. ಮತ್ತೊಬ್ಬಳು ಜೇಡರ ಬಲೆಯನ್ನೇ ನೇಯ್ಸಿಕೊಂಡಿದ್ದಳು, ಅದರಲ್ಲಿ ಚಿಟ್ಟೆ ಸಿಕ್ಕಿಬಿದ್ದಿತ್ತು. ಒಂದರ ಮೇಲೊಂದು ನಿಲುವಂಗಿ ಹಾಕಿ, ಕೊರಳ ಹತ್ತಿರ ಎಲ್ಲದರ ಬಣ್ಣವೂ ಒಂದೊಂದು ಎಳೆ ಕಾಣುವ ಹಾಗೆ ಜೋಡಿಸಿದ್ದರು. ತಲೆಗೆ ಎರಡೂ ಕಡೆ ಸಾಲಾಗಿ ಚುಚ್ಚಿದ ಉದ್ದುದ್ದ ಪಿನ್ನು, ಕಾಲಿಗೆ ಇಟ್ಟಿಗೆಯಷ್ಟು ಎತ್ತರದ ಕಪ್ಪು ಮರದ ಚಪ್ಪಲಿ.

ಈರಣ್ಣನಿಗೆ ಮಾತು ಕಡಿಮೆ. ಅವನು ನೋಡಿದ್ದು ಕತ್ತಿನ ಹಿಂಭಾಗವನ್ನು. ಆ ಹೆಂಗಸರೆಲ್ಲ ಕೊರಳಪಟ್ಟಿಯನ್ನು ಹಿಂದಕ್ಕೆ ಜಾರಿಸಿಕೊಂಡು ಕತ್ತು ಕಾಣಿಸುತ್ತಿದ್ದರು. ಅವನು ಟೇಪು ಹಿಡಿದು ಕ್ಯಾಲೆಂಡರನ್ನೇ ಅಳೆದು, ರವಿಕೆಯ ಹಿಂಬದಿಯನ್ನು ಅದೇ ಇಳಿತಕ್ಕೆ ಕತ್ತರಿಸತೊಡಗಿದ. ಅದು "ಜಪಾನ್ ಬ್ಯಾಕ್" ಎಂದು ಹೆಸರಾಯಿತು. ಹೈಸ್ಕೂಲು ಮೇಡಂಗಳು ಮೊದಲು ಹೊಲಿಸಿಕೊಂಡರು, ಆಮೇಲೆ ಮಿಕ್ಕವರಿಗೆ ಧೈರ್ಯ ಬಂತು.

ಸುಲೋಚನಮ್ಮ ನೋಡಿದ್ದು ಬೇರೆ. ಆ ಹೆಂಗಸರ ಸೊಂಟಕ್ಕೆ ಮೊಳದಗಲದ ಪಟ್ಟಿ ಸುತ್ತಿ, ಹೊಟ್ಟೆಯ ಮೇಲೆ ದೊಡ್ಡದಾಗಿ ಗಂಟು ಹಾಕಿತ್ತು. ಗಂಟೆಂದರೆ ಗಂಟಲ್ಲ, ಮೂಟೆ. ಅಕ್ಕಪಕ್ಕದಲ್ಲಿ ಒಂದೇ ಥರ ಬಟ್ಟೆ ಹಾಕಿದ ಇಬ್ಬರು ಪುಟ್ಟ ಹುಡುಗಿಯರು.

"ಇವ್ರು ಮದುಮಕ್ಳು ಕಣೋ ಷಡಕ್ಷರಿ" ಎಂದಳು.

"ಅದೆಂಗೆ ಹೇಳ್ತೀಯಕ್ಕಾ?"

"ಕಣ್ ಐತೋ ಇಲ್ವೋ ನಿಂಗೆ? ಆ ಕಡೆ ಈ ಕಡೆ ಕಳಸಗಿತ್ತೀರು ನಿಂತವ್ರೆ. ಮುಂದೆ ನೋಡು, ಮಡಿಲು ತುಂಬವ್ರೆ. ಅಕ್ಕಿ, ಕಾಯಿ ಎಲ್ಲಾ ಅದ್ರೊಳಗೇ ಐತೆ. ನಮ್ ಹುಡುಗೀರ ಥರ ಸೆರಗು ಹಿಡ್ಕಂಡು ಒದ್ದಾಡ್ತಾ ಇಲ್ಲ. ಎಷ್ಟ್ ಆರಾಮಾಗಿ ನಿಂತವ್ಳೆ ನೋಡು, ಕೈ ಬೀಸ್ಕಂಡು."

ಪಕ್ಕದಲ್ಲಿ ಕಳಸ ಹಿಡಿಯುವ ಹುಡುಗಿಯರು, ಮುಂದೆ ಮಡಿಲು. ನಮ್ಮ ಮೂರು ತಾಲ್ಲೂಕಿನಲ್ಲಿ ಇದನ್ನು ಮದುವೆ ಎನ್ನದೆ ಇನ್ನೇನು ಎನ್ನುತ್ತಾರೆ? ನಾನೂ ಒಪ್ಪಿದೆ. ಜಪಾನಿನಲ್ಲೂ ಮಡಿಲಕ್ಕಿ ಕೊಡುತ್ತಾರೆ ಎಂದು ಕೇಳಿ ಅಂಗಡಿಗೆ ಬಂದ ಹೆಂಗಸರಿಗೆಲ್ಲ ಖುಷಿಯಾಯಿತು. ಒಳ್ಳೆಯ ಜನ ಕಣ್ರೀ ಅವರು ಎಂದರು.

ಮಡಿಲಕ್ಕಿ ಹಿಡಿಯುವುದು ನಿಜಕ್ಕೂ ಒಂದು ಫಜೀತಿಯೇ. ಸೇರುಗಟ್ಟಲೆ ಅಕ್ಕಿಯ ಭಾರಕ್ಕೆ ಹುಡುಗಿಯ ಕೈ ಸೋಲುತ್ತದೆ, ಅದೇ ಭಾರ ಹೊತ್ತು ಹಿರಿಯರ ಕಾಲಿಗೆ ಬಗ್ಗಬೇಕು. ನಾಲ್ಕು ಕಾಳು ಉದುರಿದರೆ ಸಾಕು, ಗಂಡಿನ ಕಡೆಯವರು ಅಪಶಕುನ ಎಂದು ಮೂತಿ ತಿರುವುತ್ತಾರೆ. ಸುಲೋಚನಮ್ಮ ಗಂಡನನ್ನು ಮಿಷನ್ನಿಗೆ ಕೂರಿಸಿ, ಹಳೆಯ ರೇಷ್ಮೆ ಸೀರೆಯ ಅಂಚಿಗೆ ಒಳಗೆ ಕ್ಯಾನ್ವಾಸ್ ಕೊಟ್ಟು ಅಗಲದ ಪಟ್ಟಿ ಹೊಲಿಸಿದಳು. ಅದನ್ನು ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕಿದರೆ ಗಂಟಿನ ಮಡಿಕೆಯೊಳಗೇ ಒಂದು ಜೋಳಿಗೆ. ಅಕ್ಕಿ, ಕಾಯಿ ಸುರಿದರೂ ಅಲುಗಾಡುವುದಿಲ್ಲ. ಗಂಡನ ಮನೆಯ ದೇವರ ಮುಂದೆ ನಿಂತು ಒಂದು ತುದಿ ಎಳೆದರೆ ಎಲ್ಲ ಒಟ್ಟಿಗೆ ಸುರಿಯುತ್ತದೆ. ಅದೇ ಜಪಾನ್ ಮಡಿಲು. ಹುಡುಗಿಯೊಬ್ಬಳು ಅದನ್ನು ಹಾಕಿಕೊಂಡು, ಎರಡೂ ಕೈ ಎತ್ತಿ ಕುಣಿದ ರೀಲ್ಸು ಓಡಿದ್ದೇ ಓಡಿದ್ದು. ಆಮೇಲೆ ಕಡೂರಿನಿಂದ ತರೀಕೆರೆಯವರೆಗೆ ಯಾವ ಮದುವೆ ನೋಡಿದರೂ ಹೊಟ್ಟೆಯ ಮೇಲೆ ಗಂಟು.

ಹೀಗಿರುವಾಗ ಒಂದು ಮಧ್ಯಾಹ್ನ ಬಿ.ಎಡ್ ಮುಗಿಸಿದಂತೆ ಕಾಣುವ ಹುಡುಗಿಯೊಬ್ಬಳು ಅಂಗಡಿ ಮೆಟ್ಟಿಲು ಹತ್ತಿದಳು. ನಾನು ಈರಣ್ಣನ ಹತ್ತಿರ ಪ್ಯಾಂಟಿನ ಜಿಪ್ಪು ಹಾಕಿಸಲು ಕೂತಿದ್ದೆ. ಹುಡುಗಿ ನೇರವಾಗಿ, "ಅತ್ತೆ, ನಾನು ಅನುಷಾ. ಸೋಮಶೇಖರಪ್ಪನ ಮಗಳು" ಎಂದಳು.

ಈರಣ್ಣನ ಮಿಷನ್ನು ನಿಂತಿತು. ಸುಲೋಚನಮ್ಮನ ಕೈ ನಿಲ್ಲಲಿಲ್ಲ, ಹೆಮ್ಮಿಂಗ್ ಮಾಡುತ್ತಲೇ, "ಅದಕ್ಕೇನೀಗ?" ಎಂದಳು.

"ನನ್ ಮದುವೆ ಐತೆ. ಜಪಾನ್ ಮಡಿಲು ನೀವೇ ಕಟ್ಬೇಕು."

"ಕರೀತಿರೋರು ಯಾರು? ನೀನಾ, ನಿಮ್ಮಪ್ಪನಾ?"

"ನಾನು."

"ಹಂಗಾದ್ರೆ ಕೂಲಿಗೆ ಬತ್ತೀನಿ. ನೆಂಟಸ್ತಿಕೆಗಲ್ಲ."

ಹುಡುಗಿ ತಲೆಯಾಡಿಸಿ, ಹೋಗುವಾಗ ತಿರುಗಿ ನಿಂತು ಕೇಳಿದಳು. "ಎಲ್ರಿಗೂ ಕಟ್ತೀರಂತೆ, ತುಂಬೋ ಹೊತ್ತಲ್ಲಿ ಇರಲ್ವಂತೆ. ಯಾಕತ್ತೆ?"

"ಕಾಲ್ ನೋಯ್ತವೆ" ಎಂದಳು ಸುಲೋಚನಮ್ಮ. ಹುಡುಗಿ ಹೋದಮೇಲೆ ನೋಡುತ್ತೇನೆ, ಕೈಯಲ್ಲಿದ್ದ ರವಿಕೆಯ ತೋಳಿನ ಬಾಯನ್ನೇ ಮುಚ್ಚಿ ಹೊಲಿದುಬಿಟ್ಟಿದ್ದಳು, ಕೈ ತೂರಿಸಲು ಜಾಗವೇ ಇರಲಿಲ್ಲ. ಈರಣ್ಣ ಅದನ್ನು ತೆಗೆದುಕೊಂಡು ಹೊಲಿಗೆ ಬಿಚ್ಚುತ್ತ ಕೂತ.

ಮದುವೆ ಕಡೂರಿನ ಒಂದು ಛತ್ರದಲ್ಲಿ. ನನಗೂ ಅದೇ ಮದುವೆಯ ಆರ್ಡರು. ಸೋಮಶೇಖರಪ್ಪ ಬಾಗಿಲಲ್ಲಿ ಪೇಟ ಸುತ್ತಿಕೊಂಡು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ. ತಂಗಿ ಮೇಕಪ್ ಪೆಟ್ಟಿಗೆ ಹಿಡಿದು ಎದುರು ಬಂದಾಗ ಆಕೆಯ ತಲೆಯ ಮೇಲಿಂದ ಅಡುಗೆಯವನನ್ನು ಕೂಗಿ, ಹಾಲು ಬಂತೇನಯ್ಯಾ ಎಂದು ವಿಚಾರಿಸಿದ. ಆಕೆಯೂ ಕಡಿಮೆಯಿಲ್ಲ. ಅವನ ಭುಜಕ್ಕೆ ಪೆಟ್ಟಿಗೆ ತಗುಲಿಸಿಕೊಂಡೇ ಒಳಗೆ ಹೋದಳು. ಅವನ ಹೆಂಡತಿ ಮಾತ್ರ ಹಿಂದೆಯೇ ಬಂದು, "ನಮ್ಮನೆಯವ್ರು ಕೆಲ್ಸ ಮುಗಿಸಿ ಹೊರಟ್ಬಿಡ್ಲಿ ಅಂದವ್ರೆ ಕಣೇ, ಬೇಜಾರ್ ಮಾಡ್ಕಬೇಡ" ಎಂದು ಪಿಸುಗುಟ್ಟಿದಳು.

"ನಾನೇನ್ ಇಲ್ಲಿ ಬಾಳಾಟ ಮಾಡಕ್ ಬಂದಿಲ್ಲತ್ತಿಗೆ" ಎಂದಳು ಸುಲೋಚನಮ್ಮ, ಹಲ್ಲಲ್ಲಿ ಪಿನ್ನು.

ಅವತ್ತು ಆಕೆ ಅನುಷಾಳನ್ನು ಉಡಿಸಿದ ಚೆಂದ ಏನು ಹೇಳಲಿ. ಒಂದೊಂದು ನೆರಿಗೆಯೂ ಇಸ್ತ್ರಿ ಹಾಕಿದ ಹಾಗೆ. ಎಂದೂ ಇಲ್ಲದ ಹಾಗೆ ನನಗೂ ಬಾಗಿಲು ಬಡಿಯಲು ಮನಸ್ಸಾಗಲಿಲ್ಲ. ತಾಳಿ ಕಟ್ಟಿದ್ದಾಯಿತು, ಊಟವಾಯಿತು, ಹೆಣ್ಣು ಕಳಿಸುವ ಹೊತ್ತು ಬಂತು. ಸುಲೋಚನಮ್ಮ ಹುಡುಗಿಯ ಸೊಂಟಕ್ಕೆ ಜಪಾನ್ ಮಡಿಲು ಕಟ್ಟಿ, ಗಂಟನ್ನು ಎರಡು ಸಲ ತಟ್ಟಿ, "ಟೀ ಕುಡ್ದು ಬತ್ತೀನಿ" ಎಂದು ಹೊರಟಳು. ತವರಿನವರು ಅಕ್ಕಿ ಸುರಿದರು, ಕಾಯಿ ಇಟ್ಟರು, ಬೆಲ್ಲ ಇಟ್ಟರು. ಅನುಷಾ ಎರಡೂ ಕೈ ಬಿಡುವಾಗಿಟ್ಟುಕೊಂಡು ಬೀಗರಿಗೆಲ್ಲ ನಮಸ್ಕಾರ ಮಾಡುತ್ತ ನಿಂತಳು.

ಆಗ ನನ್ನ ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದವನು ಗಂಡಿನ ಸೋದರಮಾವ ರಘುನಾಥ್, ತರೀಕೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವನ ಮುಂದಿನ ಕುರ್ಚಿಯಲ್ಲಿ ಅವನ ತಾಯಿ ಅಂಬಮ್ಮ, ಅಂತರಘಟ್ಟೆಯ ಅಜ್ಜಿ. ಕಿವಿ ಮಂದ, ನಾಲಿಗೆ ಚುರುಕು. ರಘುನಾಥ್ ಗಂಟನ್ನೇ ದಿಟ್ಟಿಸುತ್ತ, "ಈ ಕಟ್ಟು ನಿಮ್ಮೂರಿಗೆ ಹೆಂಗೆ ಬಂತ್ರೀ?" ಎಂದ. ನಾನು ಫೋನಿನಲ್ಲಿದ್ದ ಕ್ಯಾಲೆಂಡರ್ ಚಿತ್ರ ತೋರಿಸಿದೆ. ಮನುಷ್ಯ ಕುಣಿಯುವುದೊಂದು ಬಾಕಿ.

"ಮರದ ಹಲಗೆ ಕೆತ್ತಿ ಒತ್ತಿ ತೆಗೆದ ಚಿತ್ರ ಕಣ್ರೀ ಇವು! ಒಂದೊಂದ್ ಬಣ್ಣಕ್ಕೂ ಒಂದೊಂದ್ ಹಲಗೆ. ಇನ್ನೂರು ವರ್ಷದ ಹಿಂದೆ ಜಪಾನಿನ ಬೀದೀಲಿ ತಿಂಡಿ ಬೆಲೆಗೆ ಮಾರೋರು. ಅಂಗಡಿ ಸಾಹುಕಾರರ ಹೆಂಡ್ತೀರು ಕೊಂಡ್ಕೊಂಡು, ಈ ಸಲ ಯಾವ ಬಣ್ಣ, ಯಾವ ಜಡೆ ಅಂತ ನೋಡಿ ಕಾಪಿ ಹೊಡೆಯೋರು."

"ರೀಲ್ಸ್ ಇದ್ದಂಗೆ" ಎಂದೆ.

"ಕರೆಕ್ಟ್!"

"ಅಂದ್ರೆ ಇವ್ರೆಲ್ಲಾ ಮದುಮಕ್ಳು ತಾನೆ ಸಾರ್?"

ಅವನು ನಕ್ಕುಬಿಟ್ಟ. "ಮದುಮಕ್ಳಾ? ಗಣಿಕೆಯರು ಕಣ್ರೀ! ಗೃಹಿಣೀರು ಗಂಟನ್ನ ಹಿಂದೆ ಕಟ್ಟೋರು, ಗಣಿಕೆಯರು ಮುಂದೆ. ಅದೇ ಗುರುತು."

ಅಂಬಮ್ಮ ತಿರುಗಿ ನೋಡಿದಳು. "ಏನಂದ್ಯೋ ರಘು? ಗಣಿಕೆ ಸೊಪ್ಪಾ? ಊಟಕ್ಕೆ ಮಾಡ್ಸಿದ್ರಾ? ನಂಗ್ ಬಡಿಸ್ಲೇ ಇಲ್ವಲ್ಲೋ!"

"ಸೊಪ್ಪಲ್ಲ ಕಣವ್ವಾ. ಗಣಿಕೆಯರು."

"ಅದೇ ಕಣೋ, ಬಸ್ಸಾರು ಮಾಡಿದ್ರೆ ಬಾಯಿಗೆ ಹಿತವಾಗಿರುತ್ತೆ. ಯಾವ್ ಪಂಕ್ತೀಲಿ ಬಡಿಸಿದ್ರು?"

ಮೇಷ್ಟ್ರಿಗೆ ತಾಳ್ಮೆ ತಪ್ಪಿತು. ತಾಯಿಯ ಕಿವಿಗೆ ಬಗ್ಗಿ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ದನಿಯಲ್ಲಿ, "ಸೂಳೇರು ಕಣವ್ವಾ, ಸೂಳೇರು! ಸೂಳೇರ ಗಂಟು ಅದು!" ಎಂದ. ಅದೇ ಕ್ಷಣಕ್ಕೆ ವಾಲಗದವನು ಉಸಿರು ತಗೊಳ್ಳಲು ನಿಲ್ಲಿಸಿದ್ದ.

ಇಡೀ ಛತ್ರ ಕೇಳಿಸಿಕೊಂಡಿತು. ಐಸ್‌ಕ್ರೀಂ ತಿನ್ನುತ್ತಿದ್ದವರು ಚಮಚ ಬಾಯಲ್ಲೇ ಇಟ್ಟುಕೊಂಡು ಅನುಷಾಳ ಹೊಟ್ಟೆಯ ಕಡೆ ನೋಡಿದರು. ರಘುನಾಥ್ ಬೆವರುತ್ತ, "ಅಂದ್ರೆ, ಅದಕ್ಕೂ ಹಿಂದಿನ ಕಾಲದಲ್ಲಿ ಮದುವೆಯಾದ ಹೆಂಗಸರೂ ಮುಂದೇನೇ ಕಟ್ತಿದ್ರು ಅಂತ ಒಂದು ಅಭಿಪ್ರಾಯ ಇದೆ" ಎಂದು ಏನೇನೋ ಶುರು ಮಾಡಿದ. ಅವನ ಅಭಿಪ್ರಾಯ ಯಾರಿಗೆ ಬೇಕಿತ್ತು?

ಸೋಮಶೇಖರಪ್ಪನ ಮುಖ ಕೆಂಪಗಾಯಿತು. ಬೀಗರ ಮುಂದೆ ಮಾನ ಹೋಯಿತಲ್ಲ. "ಎಲ್ಲವ್ಳೆ ಅವ್ಳು?" ಎಂದು ಗುಡುಗಿದ. ಯಾರೋ ಓಡಿಹೋಗಿ ರಸ್ತೆಯಾಚೆಯಿಂದ ಸುಲೋಚನಮ್ಮನನ್ನು ಕರೆತಂದರು. ಆಕೆ ಟೀ ಲೋಟ ಹಿಡಿದೇ ಬಂದಳು.

"ನನ್ ಮಗಳ ಸೊಂಟಕ್ಕೆ ಸೂಳೆ ಗಂಟು ಕಟ್ಟಿದ್ದೀಯೇನೇ? ಬಿಚ್ಚು! ಈಗಿಂದೀಗ್ಲೇ ಬಿಚ್ಚದನ್ನ!"

ಮೂವತ್ತು ವರ್ಷದ ಮೇಲೆ ಅಣ್ಣ ತಂಗಿಗೆ ಆಡಿದ ಮೊದಲ ಮಾತು ಇದು. ಸುಲೋಚನಮ್ಮ ಏನಾಯಿತು ಎಂಬಂತೆ ಸುತ್ತ ನೋಡಿದಳು. ಯಾರೋ ಪಿಸುಮಾತಿನಲ್ಲಿ ವಿಷಯ ಹೇಳಿದರು. ಆಕೆ ಅದನ್ನು ಕೇಳಿ ಮೇಷ್ಟ್ರ ಕಡೆ ತಿರುಗಿ, "ಅಷ್ಟೂ ಜನನೂ ಅವ್ರೇನಾ?" ಎಂದಳು.

"ಹೂಂನಮ್ಮ" ಎಂದ ಮೇಷ್ಟ್ರು, ನೆಲ ನೋಡುತ್ತ.

"ಅದಕ್ಕೇ ಅಷ್ಟ್ ನೀಟಾಗಿ ಉಟ್ಟವ್ರೆ. ಗರತೀರನ್ನ ನೋಡಿ ಕಲಿಯನ ಅಂದ್ರೆ ನಮ್ ಮೂರು ತಾಲ್ಲೂಕಲ್ಲಿ ಒಬ್ಬಳಿಗೂ ನೆಟ್ಟಗೆ ನೆರಿಗೆ ಹಿಡಿಯಕ್ ಬರಲ್ಲ." ಟೀ ಲೋಟವನ್ನು ನನ್ನ ಕೈಗೆ ತುರುಕಿದಳು. "ಬಿಚ್ತೀನಿ ಬಿಡು. ನೀನು ಕಿರುಚ್ಕಬೇಡ, ಬಿ.ಪಿ ಏರುತ್ತೆ."

ಅತ್ತಿಗೆ ಅಕ್ಕಿ ತುಂಬಿಸಿಕೊಳ್ಳಲು ಬೆಳ್ಳಿ ತಟ್ಟೆ ತಂದು ಕೆಳಗೆ ಹಿಡಿದಳು. ಅಂಬಮ್ಮ ಕುರ್ಚಿಯಿಂದಲೇ ಕೋಲು ಕುಟ್ಟಿದಳು.

"ಏಯ್! ಬುದ್ಧಿ ಐತೇನ್ರೇ ನಿಮ್ಗೆ? ಮಡಿಲಿಗ್ ಬಿದ್ದ ಅಕ್ಕೀನ ಕೊಟ್ಟೋರ ತಟ್ಟೆಗೆ ಯಾರಾದ್ರೂ ವಾಪಸ್ ಹಾಕ್ತಾರಾ? ನನ್ ಮೊಮ್ಮಗನ ಹೆಂಡ್ತಿ ನಾಳೆನೇ ತವರಿಗೆ ವಾಪಸ್ ಬರ್ಲಿ ಅಂತಾನಾ? ಇನ್ನೊಬ್ಳು ಮುತ್ತೈದೆ ಸೆರಗಿಗೆ ಹಾಕ್ಬೇಕು ಅದನ್ನ!"

ಶಾಸ್ತ್ರ ಇರುವುದೇ ಹಾಗೆ. ಎಲ್ಲರಿಗೂ ಗೊತ್ತು, ಗಡಿಬಿಡಿಯಲ್ಲಿ ಮರೆತಿದ್ದರು. ಅತ್ತಿಗೆ ತಟ್ಟೆ ಹಿಂದಕ್ಕೆ ತೆಗೆದು ಸುತ್ತ ನೋಡಿದಳು. ಆಹಾ, ಆಗ ನಮ್ಮ ಮುತ್ತೈದೆಯರ ಚಂದ ನೋಡಬೇಕಿತ್ತು! ಸೂಳೆ ಗಂಟಿನ ಅಕ್ಕಿ ಯಾರಿಗೆ ಬೇಕು? ಒಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಒಬ್ಬಳು ಕೈ ತೊಳೆಯಲು ಹೋದಳು, ಇನ್ನೊಬ್ಬಳು ಇಲ್ಲದ ಮಗುವನ್ನು ಹುಡುಕಿಕೊಂಡು ಮೆಟ್ಟಿಲಿಳಿದಳು. ವೇದಿಕೆಯ ಮೇಲೆ ಉಳಿದದ್ದು ಅನುಷಾ, ಅವಳ ತಾಯಿ, ಗಂಟಿಗೆ ಕೈ ಹಾಕಿದ್ದ ಸುಲೋಚನಮ್ಮ.

"ಅತ್ತೆ" ಎಂದಳು ಅನುಷಾ. ಸಣ್ಣ ದನಿಯಲ್ಲಲ್ಲ, ಎಲ್ಲರಿಗೂ ಕೇಳುವಂತೆ. "ಸೆರಗು ಹಿಡಿ."

ಸುಲೋಚನಮ್ಮನಿಗೆ ಅರ್ಥವಾಗಲಿಲ್ಲ. "ಏನೇ?" ಎಂದಳು.

"ಸೆರಗು ಹಿಡಿ ಅಂದೆ" ಎಂದವಳೇ ಹುಡುಗಿ ಪಟ್ಟಿಯ ತುದಿ ಹಿಡಿದು ಎಳೆದೇಬಿಟ್ಟಳು.

ಮದುಮಗಳ ಮೈಯಿಂದ ಜಾರಿದ್ದು ನೆಲಕ್ಕೆ ಬೀಳಲು ಆ ಹೆಂಗಸಿನ ಕೈ ಯಾವತ್ತೂ ಬಿಟ್ಟಿದ್ದಲ್ಲ. ತಲೆಗೆ ಹೊಳೆಯುವ ಮೊದಲೇ ಕೈ ಸೆರಗು ಚಾಚಿತ್ತು. ಅಕ್ಕಿ ಸರ್ರನೆ ಸುರಿಯಿತು, ಹಿಂದೆಯೇ ಕಾಯಿ, ಬೆಲ್ಲ, ಬಳೆ, ಎಲೆ ಅಡಿಕೆ, ರವಿಕೆ ಕಣ. ಒಂದು ಕಾಳು ಹೊರಗೆ ಬೀಳಲಿಲ್ಲ. ಬೇಕೆಂದೇ ಮಾಡಿದ್ದಾ ಎಂದು ಆಮೇಲೆ ಅನುಷಾಳನ್ನು ಕೇಳಿದೆ, ಆಲ್ಬಂ ಯಾವಾಗ ಕೊಡ್ತೀರಾ ಎಂದು ಮಾತು ತಿರುಗಿಸಿದಳು. ಆ ಕ್ಷಣದ ಫೋಟೋ ಕೇಳಬೇಡಿ. ನನ್ನ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನು. ಬಾಡಿಗೆಗೆ ತಂದ ಡ್ರೋನು ಹೊರಗೆ ಕಾರು ನಿಲ್ಲಿಸಿದ್ದ ಜಾಗವನ್ನು ಚಿತ್ರೀಕರಿಸುತ್ತಿತ್ತು.

ಅಂಬಮ್ಮ ಕಣ್ಣು ಕಿರಿದು ಮಾಡಿ, "ಯಾರೇ ಇವ್ಳು?" ಎಂದಳು.

"ನಮ್ ನಾದಿನಿ ಕಣಮ್ಮ" ಎಂದಳು ಅತ್ತಿಗೆ. ಮೂವತ್ತು ವರ್ಷದಲ್ಲಿ ಆಕೆಯೂ ಆ ಮಾತು ಬಾಯಿಬಿಟ್ಟು ಹೇಳಿರಲಿಲ್ಲ. "ನಮ್ಮನೆ ಮಗಳು."

"ಮನೆ ಮಗಳಾ? ಹಂಗಾದ್ರೆ ಸರೀನೇ ಹೋಯ್ತಲ್ಲೇ! ತವರಿನ ಮಡಿಲಕ್ಕೀನೇ ಆಯ್ತು. ಕುಂಕುಮ ಇಡು, ಬೆಪ್ಪಾಗಿ ನಿಂತ್ಕಬೇಡ."

ಅತ್ತಿಗೆ ಸುಲೋಚನಮ್ಮನ ಕೆನ್ನೆಗೆ ಅರಿಶಿನ ಹಚ್ಚಿ ಹಣೆಗೆ ಕುಂಕುಮವಿಟ್ಟಳು. ಸೋಮಶೇಖರಪ್ಪ ಬಾಯಿ ತೆರೆದು ನಿಂತಿದ್ದ. ಬಿಚ್ಚು ಎಂದವನು ಅವನೇ. ವಾಪಸ್ ಕೇಳುವ ಹಾಗಿಲ್ಲ, ಬೀಗರೆಲ್ಲ ನೋಡುತ್ತಿದ್ದಾರೆ. ಅವನು ಒಂದು ಸಲ ತಂಗಿಯ ಸೆರಗಿನ ಕಡೆ ನೋಡಿದ, ಒಂದು ಸಲ ಚಪ್ಪರದ ಕಡೆ ನೋಡಿದ, ಪೇಟ ಸರಿಮಾಡಿಕೊಂಡ. ಆಮೇಲೆ ಹೆಂಡತಿಯ ಮೇಲೆ ಹರಿಹಾಯ್ದ.

"ಕಾಯಿ ಒಂದೇ ಐತಲ್ಲೇ ಅದ್ರಲ್ಲಿ! ನಮ್ಮನೇಲಿ ಕಾಯಿಗೆ ಬರವಾ? ಇನ್ನೊಂದ್ ಹಾಕು."

ಇನ್ನೊಂದು ಕಾಯಿ ಬಿತ್ತು. ಅನುಷಾಳಿಗೆ ಹೊಸದಾಗಿ ಮಡಿಲು ತುಂಬಬೇಕಲ್ಲ, ಅವಳು ಹಟ ಹಿಡಿದಳು. "ಅದೇ ಗಂಟು ಕಟ್ಟತ್ತೆ. ಇಲ್ದಿದ್ರೆ ನಾನ್ ಕಾರು ಹತ್ತಲ್ಲ."

"ನಂಗೆ ಕೈ ಬಿಡುವಿಲ್ಲ ಕಣೇ" ಎಂದಳು ಸುಲೋಚನಮ್ಮ.

ಎಂಥ ಗಳಿಗೆಯಲ್ಲೂ ಆಕೆಯ ಬಾಯಿಂದ ನಾನು ಕೇಳದ ಮಾತು ಅದು. ಒಂದು ಚಾಪೆಯ ಮೇಲೆ ಸುರಿದು ಬಾ ಎಂದು ಯಾರೋ ಅಂದರೆ ಹಾಗೆ ಅಂದವರನ್ನು ಸುಡುವ ಹಾಗೆ ನೋಡಿದಳು. ಕೊನೆಗೆ ಅನುಷಾ ಎಲ್ಲ ಹೆಣ್ಣುಮಕ್ಕಳ ಹಾಗೆ ಸೆರಗು ಹಿಡಿದು, ನಗುತ್ತ ಅಳುತ್ತ, ನಾಲ್ಕು ಕಾಳು ಚೆಲ್ಲಿಕೊಂಡೇ ಕಾರು ಹತ್ತಿದಳು. "ನಂದೂ ಚೆಲ್ಲಿತ್ತು ಬಿಡೇ, ನಾನೇನ್ ಸತ್ನಾ" ಎಂದಳು ಅಂಬಮ್ಮ.

ಇದರಿಂದ ಸುಲೋಚನಮ್ಮನ ವ್ಯಾಪಾರ ಮುಳುಗಿತು ಎಂದುಕೊಂಡವರುಂಟು. ಏನೂ ಇಲ್ಲ. ಈಗ ತರೀಕೆರೆ ಕಡೆಯ ತಾಯಂದಿರು ಅಂಗಡಿಗೆ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ "ಅದೇ ಗಂಟು" ಎನ್ನುತ್ತಾರೆ. ಕ್ಯಾಲೆಂಡರಿಗೆ ಆಕೆ ಗಾಜಿನ ಕಟ್ಟು ಹಾಕಿಸಿದ್ದಾಳೆ.

ಆ ಮದುವೆಯ ದಿನ ಸಂಜೆ ನಾವಿಬ್ಬರೂ ಒಟ್ಟಿಗೇ ಅಜ್ಜಂಪುರದ ಬಸ್ಸು ಹತ್ತಿದೆವು. ನನ್ನ ಹೆಗಲಿಗೆ ನನ್ನ ಕ್ಯಾಮೆರಾ, ಕೈಗೆ ಆಕೆಯ ಮೇಕಪ್ ಪೆಟ್ಟಿಗೆ, ಇನ್ನೊಂದು ಕೈಗೆ ಆ ಜಪಾನ್ ಪಟ್ಟಿ. ಆಕೆ ಮಾತ್ರ ಎರಡೂ ಕೈಯಲ್ಲಿ ಸೆರಗು ಹಿಡಿದು ಕಿಟಕಿ ಪಕ್ಕ ಕೂತಿದ್ದಳು. ರಸ್ತೆಯ ಗುಂಡಿಗಳಿಗೆ ಬಸ್ಸು ಎತ್ತಿ ಹಾಕುತ್ತಿತ್ತು.

"ಅಕ್ಕಾ, ಕೈ ಸೋಲುತ್ತೆ. ಕವರ್ ಕೊಡ್ಲಾ?"

"ಬೇಡ."

"ನಿನ್ ಪಟ್ಟಿ ಇಲ್ಲೇ ಐತೆ, ಕಟ್ಕಬಾರ್ದಾ? ಅದಕ್ಕೇ ತಾನೆ ಮಾಡಿದ್ದು?"

"ಸುಮ್ಕಿರೋ ಷಡಕ್ಷರಿ."

ಕಂಡಕ್ಟರು ಬಂದು ಟಿಕೆಟ್, ಆಧಾರ್ ಕಾರ್ಡು ಎಂದ. ಹೆಂಗಸರಿಗೆ ಪುಕ್ಕಟೆ, ಆದರೆ ಕಾರ್ಡು ತೋರಿಸಬೇಕು, ತೋರಿಸಲು ಕೈ ಬೇಕು. "ನೋಡಕ್ಕಾಗಲ್ವಾ, ಮಡಿಲಕ್ಕಿ ಹಿಡಿದಿದ್ದೀನಿ" ಎಂದು ಬಸ್ಸಿಗೆಲ್ಲ ಕೇಳುವಂತೆ ಗದರಿದಳು. ಅವನು ನೆರೆತ ತಲೆಯನ್ನೂ ತುಂಬಿದ ಸೆರಗನ್ನೂ ನೋಡಿ, ಏನೂ ಕೇಳದೆ ಟಿಕೆಟ್ ಹರಿದು ನನ್ನ ಕೈಗೆ ಕೊಟ್ಟ.

ಅಂಗಡಿಯಲ್ಲಿ ಈರಣ್ಣ ಮಿಷನ್ನು ತುಳಿಯುತ್ತಿದ್ದ. ಹೆಂಡತಿ ಮೆಟ್ಟಿಲು ಹತ್ತುವುದನ್ನು ನೋಡಿ ಕಾಲು ನಿಲ್ಲಿಸಿದ. ಹಣೆಯ ಕುಂಕುಮ ನೋಡಿದ, ಸೆರಗು ನೋಡಿದ. ಒಳಗೆ ಹೋಗಿ ಮೊರ ತಂದು ಆಕೆಯ ಮುಂದೆ ಹಿಡಿದ. ಆಕೆ ಸುರಿಯಲು ನೋಡಿದಳು, ಬೆರಳು ಮರಗಟ್ಟಿ ಬಿಚ್ಚಿಕೊಳ್ಳಲಿಲ್ಲ. ಅವನು ಮೊರ ಕೆಳಗಿಟ್ಟು ಒಂದೊಂದೇ ಬೆರಳನ್ನು ಬಿಡಿಸತೊಡಗಿದ.

"ನೋಯ್ತೈತೇನೇ?"

"ಹೂಂ" ಎಂದಳು ಸುಲೋಚನಮ್ಮ, ಅಳುತ್ತ. "ಇನ್ನೊಂದ್ ಸ್ವಲ್ಪ ಹೊತ್ತು ನೋಯ್ಲಿ, ಬಿಡು."